ಔಟ್‌ಸೋರ್ಸ್ ಆದ ಮೇಲೆ ರೈಸ್ ಮಿಲ್‌ನಲ್ಲಿ ಕಲಿತ ಐಟಿ

ಮೈಸೂರಿನಲ್ಲಿ ಐಟಿ ಅಂದರೆ ಎಲ್ಲರ ಕಣ್ಣ ಮುಂದೆ ಬರುವುದು ಹೆಬ್ಬಾಳದ ಇನ್ಫೋಸಿಸ್‌ನ ದೊಡ್ಡ ಕ್ಯಾಂಪಸ್. ಆದರೆ ಇಲ್ಲಿನ ಕಾರ್ಖಾನೆಗಳಲ್ಲೂ ಐಟಿ ವಿಭಾಗ ಅಂತ ಒಂದಿರುತ್ತದೆ. ಒಂದು ಸರ್ವರ್ ರೂಮು, ನಾಲ್ಕೈದು ಜನ, ಶಾಪ್ ಫ್ಲೋರ್‌ನಿಂದ ದಿನವಿಡೀ ಫೋನು. ನಾನಿದ್ದದ್ದು ಅಂಥ ಕಡೆ. 2021ರಲ್ಲಿ ನಮ್ಮ ಇಡೀ ವಿಭಾಗದ ಕೆಲಸವನ್ನು ಹೊರಗಿನ ಕಂಪನಿಯೊಂದಕ್ಕೆ ವಹಿಸಿಬಿಟ್ಟರು.

ವೆಂಡರ್, ಅಂದರೆ ಆ ಹೊರಗಿನ ಕಂಪನಿಯ ಪೇರೋಲ್‌ಗೆ ಹೋಗಿ, ಇಲ್ಲವೇ ಸೆಟ್ಲ್‌ಮೆಂಟ್ ತಗೊಂಡು ಹೊರಡಿ ಅಂದರು. ಎರಡರಲ್ಲಿ ಯಾವುದಾದರೂ ಸರಿ, ಮೊದಲು ಕೆ.ಟಿ. ಕೊಡಬೇಕು. ನಾಲೆಡ್ಜ್ ಟ್ರಾನ್ಸ್‌ಫರ್. ನಮ್ಮ ಜಾಗಕ್ಕೆ ಬರುವವರಿಗೆ ನಮ್ಮ ಕೆಲಸ ನಾವೇ ಹೇಳಿಕೊಡುವುದು. ಬಂದ ಹುಡುಗರ ಮೇಲೆ ಸಿಟ್ಟೇನೂ ಇರಲಿಲ್ಲ. ಪಾಪ, ಅವರೂ ದಿನಕ್ಕೆ ಎಷ್ಟು ಟಿಕೆಟ್ (ನಂಬರ್ ಹಾಕಿದ ದೂರು) ಮುಚ್ಚಿದೆ ಅಂತ ಲೆಕ್ಕ ಕೊಡುವವರೇ. ಇದರಿಂದ ನನಗೆ ಒಂದು ಲಾಭವಾಯಿತು. ವರ್ಷಗಳಿಂದ ಏನೆಲ್ಲ ಮಾಡುತ್ತಿದ್ದೆ ಅನ್ನುವುದು ಮೊದಲ ಸಲ ನನಗೇ ಗೊತ್ತಾಯಿತು. ಕಂಪನಿಯ ದಾಖಲೆ, ಪಾಸ್‌ವರ್ಡ್ ಯಾವುದನ್ನೂ ಮನೆಗೆ ತರಲಿಲ್ಲ, ತರಲೂ ಬಾರದು. ಮಾಡುತ್ತಿದ್ದ ಕೆಲಸಗಳನ್ನು ಮಾತ್ರ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡೆ. ಬ್ಯಾಕಪ್ ರಿಸ್ಟೋರ್ ಮಾಡಿ, ಅಂದರೆ ಕಾಪಿಯಿಂದ ಡೇಟಾ ವಾಪಸ್ ಬರುತ್ತದಾ ಅಂತ ನೋಡುವುದು, ತಿಂಗಳ ಕೊನೆಗೆ ಇಆರ್‌ಪಿ (ಕಾರ್ಖಾನೆಯ ಸ್ಟಾಕು, ಲೆಕ್ಕ ಎಲ್ಲ ನೋಡಿಕೊಳ್ಳುವ ಸಾಫ್ಟ್‌ವೇರ್) ಯಾಕೆ ನಿಧಾನ ಅಂತ ಹುಡುಕುವುದು, ಇಂಥವು.

ನಾನು ವೆಂಡರ್ ಕಡೆ ಹೋಗಲಿಲ್ಲ. ಎಲ್ಲರೂ ಹೀಗೇ ಮಾಡಿ ಅನ್ನಲಾರೆ. ಮನೆ ಸಾಲ ಇದ್ದವರು ಹೋದರು, ಅವರು ಮಾಡಿದ್ದೂ ಸರಿಯೇ. ಹೋಗುವವರು ಹಳೇ ಸರ್ವಿಸ್ ಮುಂದುವರಿಯುತ್ತದಾ ಅಂತ ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಬೇಕು, ಬಾಯಿ ಮಾತು ನಂಬಬಾರದು. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಅದರ ಮೇಲೆ ನಿಂತಿದೆ. ಐದು ವರ್ಷ ತುಂಬಿದ್ದರೆ ಸರ್ವಿಸ್‌ನ ಪ್ರತಿ ವರ್ಷಕ್ಕೆ 15 ದಿನದ ಸಂಬಳ, ಅದೂ ತಿಂಗಳಿಗೆ 26 ದಿನದ ಲೆಕ್ಕದಲ್ಲಿ. ನಾನು ಮನೆ ನಡೆಸಿದ್ದು ಆ ದುಡ್ಡಿನಲ್ಲೇ. ಪಿ.ಎಫ್. ಮುಟ್ಟಲಿಲ್ಲ.

ಕೆಲಸಕ್ಕಿಂತ ಮೊದಲು ಹೋಗಿದ್ದು ಆಸಕ್ತಿ. ಲ್ಯಾಪ್‌ಟಾಪ್ ತೆಗೆಯಲೂ ಬೇಜಾರು. ಕ್ಲೌಡ್ ಕಲಿ, ಡೆವ್‌ಆಪ್ಸ್ ಕಲಿ ಅಂತ ಎಲ್ಲರೂ ಹೇಳುವವರೇ. ವಿಡಿಯೊ ಕೋರ್ಸ್‌ಗಳನ್ನು ಸುಮ್ನೆ ಓಡಿಸಿ ನೋಡುತ್ತಿದ್ದೆ, ತಲೆಗೆ ಏನೂ ಹೋಗುತ್ತಿರಲಿಲ್ಲ.

ಆಗ ಚಿಕ್ಕಪ್ಪನ ಪರಿಚಯದಿಂದ ಮಂಡ್ಯ ಹತ್ತಿರದ ಒಂದು ರೈಸ್ ಮಿಲ್‌ಗೆ ಹೋದೆ. ಯಜಮಾನರು ಕೇಳಿದ್ದು ಇಷ್ಟೇ: "ಏನವ್ವಾ, ದೊಡ್ಡ ಫ್ಯಾಕ್ಟ್ರೀಲಿ ಇದ್ದೋಳಂತೆ. ಈ ಕಂಪ್ಯೂಟ್ರು ಯಾಕೆ ಆಗಾಗ ನಿಂತೋಗ್ತದೆ ನೋಡು."

ಅವರ ಬಿಲ್ಲಿಂಗ್ ಎಲ್ಲ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ. ಕಂಪ್ಯೂಟರ್ ತಾನಾಗೇ ರೀಸ್ಟಾರ್ಟ್ ಆಗುತ್ತಿತ್ತು, ಆದಾಗಲೆಲ್ಲ ಟ್ಯಾಲಿ ಡೇಟಾ ಕೆಡುವ ಭಯ. ವೈರಸ್ ಅಂತ ಯಾರೋ ಹೇಳಿ ಫಾರ್ಮ್ಯಾಟ್ ಕೂಡ ಮಾಡಿಸಿದ್ದರು. ಕಂಪ್ಯೂಟರ್‌ನಲ್ಲಿ ಏನೇನಾಯಿತು ಅಂತ ದಾಖಲೆ ತೋರಿಸುವ ವಿಂಡೋಸ್‌ನ ಈವೆಂಟ್ ವ್ಯೂವರ್ ತೆಗೆದೆ. ಕರ್ನಲ್ ಪವರ್ 41 ಅನ್ನುವ ಎಂಟ್ರಿಗಳು ಸಾಲಾಗಿ ಇದ್ದವು. ಸರಿಯಾಗಿ ಶಟ್‌ಡೌನ್ ಆಗದೆ ಮೆಷಿನ್ ಮತ್ತೆ ಶುರುವಾಯಿತು ಅಂತ ಅದರ ಅರ್ಥ. ಅವುಗಳ ಸಮಯ ಬರೆದುಕೊಂಡು ಮಿಲ್ ನಡೆಸುವವರ ಹತ್ತಿರ ಹೋದೆ. ಮೋಟರ್ ಚಾಲೂ ಮಾಡುವ ಹೊತ್ತಿಗೂ ಅದಕ್ಕೂ ತಾಳೆಯಾಯಿತು. ದೊಡ್ಡ ಮೋಟರ್ ಶುರುವಾಗುವಾಗ ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ, ಆ ಕ್ಷಣ ವೋಲ್ಟೇಜ್ ಬೀಳುತ್ತದೆ. ಅದನ್ನು ತಡೆಯಬೇಕಾದ ಯುಪಿಎಸ್‌ನ ಬ್ಯಾಟರಿ ಯಾವತ್ತೋ ಸತ್ತಿತ್ತು. ಹಸಿರು ಲೈಟ್ ಮಾತ್ರ ಉರಿಯುತ್ತಿತ್ತು.

ಬ್ಯಾಟರಿ ಬದಲಿಸಿದೆವು. ಆಫೀಸಿಗೆ ಬೇರೆ ಲೈನ್ ಎಳೆಸಿದೆವು. ಬ್ಯಾಕಪ್ ಅಂತ ಇದ್ದದ್ದು ಅದೇ ಕಂಪ್ಯೂಟರ್‌ಗೆ ಸಿಕ್ಕಿಸಿದ್ದ ಪೆನ್ ಡ್ರೈವ್! ರಾತ್ರಿ ಟ್ಯಾಲಿ ಮುಚ್ಚಿದ ಮೇಲೆ ಕಾಪಿ ಆಗುವ ಹಾಗೆ ಮಾಡಿದೆ, ಒಂದು ಪ್ರತಿ ಇನ್ನೊಂದು ಮೆಷಿನ್‌ಗೆ, ಇನ್ನೊಂದು ಮಿಲ್‌ನಿಂದ ಹೊರಗೆ. ಟ್ಯಾಲಿ ತೆರೆದಿರುವಾಗಲೇ ಫೋಲ್ಡರ್ ಕಾಪಿ ಮಾಡಿದರೆ ಆ ಬ್ಯಾಕಪ್ ನಂಬುವ ಹಾಗಿಲ್ಲ.

2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಲೇಬಲ್ ಹಾಕಿದ ಅಕ್ಕಿ ಚೀಲಕ್ಕೆ ಶೇ. 5 ಜಿಎಸ್‌ಟಿ ಬಂತು. ಮಾರ್ಕೆಟ್‌ನಲ್ಲಿ 26 ಕೆ.ಜಿ. ಚೀಲ ಯಾಕೆ ಬಂತು ಅಂತ ಈಗ ಗೊತ್ತಾಯಿತಲ್ವಾ! ಟ್ಯಾಲಿಯಲ್ಲಿ ಐಟಂಗಳನ್ನೆಲ್ಲ ಹೊಸದಾಗಿ ಮಾಡಲು ಅಕೌಂಟೆಂಟ್ ಜೊತೆ ಕೂತೆ. ರಾತ್ರಿ ತಡವಾಗಿ ಬಸ್ಸಿನಲ್ಲಿ ಮೈಸೂರಿಗೆ ಬರುವಾಗ, ಈ ಕೆಲಸ ನನಗೆ ಇಷ್ಟ ಅನ್ನುವುದು ಎಷ್ಟೋ ದಿನದ ಮೇಲೆ ಮನಸ್ಸಿಗೆ ಬಂತು. ನನಗೆ ಬೇಕಾಗಿದ್ದದ್ದು ಹೊಸ ಟೆಕ್ನಾಲಜಿ ಅಲ್ಲ. ನಾನು ಸರಿಮಾಡಿದ್ದು ಯಾರಿಗೆ ಉಪಯೋಗವಾಯಿತು ಅಂತ ಕಣ್ಣಿಗೆ ಕಾಣಬೇಕಿತ್ತು. ಟಿಕೆಟ್ ನಂಬರ್‌ಗಳ ನಡುವೆ ಅದೇ ಕಾಣೆಯಾಗಿತ್ತು.

ಆಮೇಲೆ ಓದು ತಾನಾಗೇ ಹತ್ತಿತು. ಮನೆಯ ಹಳೇ ಡೆಸ್ಕ್‌ಟಾಪ್‌ಗೆ RAM ಹಾಕಿಸಿ ಪ್ರಾಕ್ಸ್‌ಮಾಕ್ಸ್ (ಒಂದೇ ಕಂಪ್ಯೂಟರ್‌ನೊಳಗೆ ಹಲವು ವರ್ಚುವಲ್ ಮೆಷಿನ್ ಓಡಿಸುವ ಸಾಫ್ಟ್‌ವೇರ್) ಇನ್‌ಸ್ಟಾಲ್ ಮಾಡಿ, ಅದರಲ್ಲಿ ಲಿನಕ್ಸ್ ಮೆಷಿನ್‌ಗಳನ್ನು ಕಟ್ಟುವುದು, ಬೇಕಂತಲೇ ಕೆಡಿಸುವುದು, ಮತ್ತೆ ಎಬ್ಬಿಸುವುದು. ಲಿನಕ್ಸ್ ಕಂಪನಿ ರೆಡ್ ಹ್ಯಾಟ್ ನಡೆಸುವ, ಸಿಸ್ಟಮ್ ನೋಡಿಕೊಳ್ಳುವವರ ಆರ್‌ಎಚ್‌ಸಿಎಸ್‌ಎ ಪರೀಕ್ಷೆ ತಗೊಂಡೆ. ಸರಿ ಉತ್ತರಕ್ಕೆ ಟಿಕ್ ಹಾಕುವ ಪರೀಕ್ಷೆ ಅಲ್ಲ ಅದು, ಮೆಷಿನ್ ಮುಂದೆ ಕೂತು ಕೆಲಸ ಮಾಡಿ ತೋರಿಸಬೇಕು. ರೀಬೂಟ್ ಆದ ಮೇಲೂ ನಿಮ್ಮ ಸೆಟ್ಟಿಂಗ್ ಉಳಿದಿರಬೇಕು. 300ಕ್ಕೆ 210 ಬಂದರೆ ಪಾಸ್. ಸರ್ಟಿಫಿಕೇಟ್‌ಗಿಂತ ಅದಕ್ಕಾಗಿ ಮಾಡಿದ ಅಭ್ಯಾಸವೇ ಜಾಸ್ತಿ ಉಪಯೋಗಕ್ಕೆ ಬಂತು.

ಕೆಲಸ ಸಿಕ್ಕಿದ್ದು ಹಳೇ ಸಿಸ್ಟಮ್‌ಗಳ ದೆಸೆಯಿಂದ. ಸರ್ವರ್‌ಗಳಲ್ಲಿ ಓಡುವ ಸೆಂಟ್‌ಒಎಸ್ 7 ಅನ್ನುವ ಲಿನಕ್ಸ್‌ಗೆ 2024ರ ಜೂನ್ 30ರ ನಂತರ ಅಪ್‌ಡೇಟ್ ಇಲ್ಲ ಅಂತ ಮೊದಲೇ ಗೊತ್ತಿತ್ತು. ಅದರ ಮೇಲೆ ಕೂತಿದ್ದ ಕಂಪನಿಗಳೆಲ್ಲ ಆಲ್ಮಾ, ರಾಕಿ ಅಂತ ಬೇರೆ ಲಿನಕ್ಸ್‌ಗಳಿಗೆ ಸಾಗಬೇಕಿತ್ತು. ಪೈಥಾನ್ ಭಾಷೆಯ ಹಳೇ ಆವೃತ್ತಿ 2ರಲ್ಲಿ ಬರೆದ ಸ್ಕ್ರಿಪ್ಟ್‌ಗಳು ಹೊಸದರಲ್ಲಿ ಹಾಗೇ ಓಡುವುದಿಲ್ಲ, ಮೆಷಿನ್‌ನ ಗಡಿಯಾರ ಸರಿಯಾಗಿಡಲು ಹಳೇ ಎನ್‌ಟಿಪಿ ಪ್ರೋಗ್ರಾಂ ಜಾಗದಲ್ಲಿ ಕ್ರೋನಿ ಬೇಕು. ಇದಕ್ಕೆ ಹಳೆಯದೂ ಗೊತ್ತಿರುವವರು, ಹೊಸದನ್ನು ಆನ್ಸಿಬಲ್‌ನಲ್ಲಿ (ಎಷ್ಟೋ ಸರ್ವರ್‌ಗಳನ್ನು ಒಟ್ಟಿಗೆ ಸೆಟಪ್ ಮಾಡುವ ಟೂಲ್) ಬರೆಯಬಲ್ಲವರು ಬೇಕು. 2023ರಲ್ಲಿ ಬೆಂಗಳೂರಿನ ಕಂಪನಿಯೊಂದಕ್ಕೆ ಇಂಥವರು ಬೇಕಾಗಿದ್ದರು. ಇಂಟರ್‌ವ್ಯೂನಲ್ಲಿ ಕೆಲಸವಿಲ್ಲದ ಗ್ಯಾಪ್ ಬಗ್ಗೆ ಕೇಳಿದರು. ಮಿಲ್‌ನ ಮೋಟರ್ ಕಥೆ ಹೇಳಿದೆ. ಅರ್ಧ ಹೊತ್ತು ಅದೇ ಮಾತಾಯಿತು.

ಸಂಬಳ ಹಳೆಯದಕ್ಕಿಂತ ಕಡಿಮೆಗೇ ಒಪ್ಪಿಕೊಂಡೆ, ಮುಂದಿನ ವರ್ಷ ಸರಿಹೋಯಿತು. ವಾರಕ್ಕೆ ಎರಡು ದಿನ ರೈಲಿನಲ್ಲಿ ಬೆಂಗಳೂರು, ಉಳಿದದ್ದು ಮನೆಯಿಂದ. ಹೊಸ ಕಂಪನಿಯ ನಿಯಮದ ಪ್ರಕಾರ ಹೊರಗಿನ ಕೆಲಸ ಮಾಡುವ ಹಾಗಿಲ್ಲ. ಅದಕ್ಕೆ ಮಿಲ್ ಅನ್ನು ಪಾಂಡವಪುರ ಕಡೆಯ ಒಬ್ಬ ಡಿಪ್ಲೊಮಾ ಹುಡುಗನಿಗೆ ಒಪ್ಪಿಸಿದೆ. ಚುರುಕಾಗಿದ್ದಾನೆ. ಬ್ಯಾಕಪ್ ರಿಸ್ಟೋರ್ ಮಾಡಿ ನೋಡಿದ್ಯಾ ಅಂತ ಆಗಾಗ ಕೇಳುತ್ತೇನೆ. "ನೋಡಿದೆ ಅಕ್ಕ" ಅನ್ನುತ್ತಾನೆ. ಸ್ಕ್ರೀನ್‌ಶಾಟ್ ಕಳಿಸು ಅನ್ನುತ್ತೇನೆ.