ಜ್ವರ ಹಿಡಿದದ್ದು ಯಾವ ಮಳೆಯಲ್ಲಿ?

ಮಲೆನಾಡಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಫಿಜಿಷಿಯನ್. ಫ್ಲೂ ರೋಗಿಗಳ ಲೆಕ್ಕ ಇಡಲು ತೊಡಗಿದ್ದು ಸಂಶೋಧನೆಯ ಹುಮ್ಮಸ್ಸಿನಿಂದಲ್ಲ, ಜುಲೈ ತಿಂಗಳಲ್ಲಿ ಹಾಸಿಗೆ ಸಾಲದೆ ರೋಗಿಗಳ ಕಡೆಯವರಿಂದ ಬೈಸಿಕೊಂಡು ಸಾಕಾಗಿದ್ದರಿಂದ. ಓದುವಾಗ ಕಲಿತದ್ದು, ಇನ್‌ಫ್ಲುಯೆಂಜಾ ಚಳಿಗಾಲದ ಕಾಯಿಲೆ ಎಂದು. ನಮ್ಮ ವಾರ್ಡ್ ತುಂಬುತ್ತಿದ್ದದ್ದು ಗದ್ದೆಯಲ್ಲಿ ನಾಟಿ ನಡೆಯುವ ಹೊತ್ತಿಗೆ.

ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದುಕೊಂಡೆ. ಹತ್ತು ದಿನದೊಳಗೆ ಶುರುವಾದ ಜ್ವರ, ಕೆಮ್ಮು, ಜೊತೆಗೆ ದಾಖಲಾಗಲೇಬೇಕಾದ ಸ್ಥಿತಿ, ಈ ಮೂರೂ ಇದ್ದವರು ಮಾತ್ರ ಅದರಲ್ಲಿ ಸೇರಬೇಕು. ಇಂಥವರನ್ನು ನಮ್ಮ ಭಾಷೆಯಲ್ಲಿ ‘ಸಾರಿ ಕೇಸ್’ ಎನ್ನುತ್ತೇವೆ, ತೀವ್ರ ಉಸಿರಾಟದ ಸೋಂಕಿನ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು (SARI) ಅವು. ಹೊಸದಾಗಿ ಬಂದ ನರ್ಸ್ ಒಬ್ಬರು ಅದನ್ನು ಕೇಳಿ, ನಾನೇಕೆ ಕ್ಷಮೆ ಕೇಳುತ್ತಿದ್ದೇನೆಂದು ಗಾಬರಿಯಾಗಿದ್ದರು.

ಮೊದಲ ವರ್ಷದ ಶ್ರಮವೆಲ್ಲ ನೀರಿಗೆ ಹೋಯಿತು. ನಾನು ಬರೆದಿಟ್ಟದ್ದು ದಾಖಲಾದ ದಿನಾಂಕವನ್ನು. ಗ್ರಾಫ್ ಹಾಕಿದರೆ ಸೋಮವಾರ ಏರುತ್ತಿತ್ತು, ಭಾನುವಾರ ಇಳಿಯುತ್ತಿತ್ತು, ಸಂತೆಯ ದಿನ ಮತ್ತೆ ಏರುತ್ತಿತ್ತು. ಅದು ವೈರಸ್ಸಿನ ನಡೆಯಲ್ಲ, ಬಸ್ಸಿನ ವೇಳಾಪಟ್ಟಿ. ನಮ್ಮ ಜನ ಮನೆಯಲ್ಲಿ ಕಷಾಯ ಕುಡಿದು, ಪೇಟೆಯಲ್ಲಿ ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು, ಉಸಿರು ಕಟ್ಟಿದ ಮೇಲೆ ಆಸ್ಪತ್ರೆಗೆ ಬರುತ್ತಾರೆ. ಬೇಕಾಗಿದ್ದದ್ದು ಜ್ವರ ಶುರುವಾದ ದಿನ. ಅದನ್ನು ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ನಾಲ್ಕೈದು ದಿನ ಆಯಿತು.’

ಬಿಡಿಸಿ ಹೇಳಿದವರು ಒಬ್ಬ ಅಜ್ಜಿ. ‘ಪುನರ್ವಸು ಮಳೆ ಹುಟ್ಟಿದ ಮಾರನೆಯ ದಿನ, ಡಾಕ್ಟರಮ್ಮ. ಸಸಿ ಕಿತ್ತು ಬಂದವಳು ಮಲಗಿದೆ.’ ಪಂಚಾಂಗ ತರಿಸಿ ನೋಡಿದರೆ ಜುಲೈ ಮೊದಲ ವಾರ, ಸರಿಯಾಗಿ ಕೂಡಿಬಂತು. ಅಂದಿನಿಂದ ನನ್ನ ಪ್ರಶ್ನೆಯೇ ಬದಲಾಯಿತು. ಒಂದೊಂದು ಮಳೆ ನಕ್ಷತ್ರಕ್ಕೆ ಹೆಚ್ಚುಕಡಿಮೆ ಹದಿನಾಲ್ಕು ದಿನ. ಗ್ರಾಫಿನ ಮನೆಗಳಿಗೆ ಅದಕ್ಕಿಂತ ಒಳ್ಳೆಯ ಅಳತೆ ಯಾವುದಿದೆ? ಆರಿದ್ರಾದಲ್ಲಿ ಅಲ್ಲೊಂದು ಇಲ್ಲೊಂದು, ಪುನರ್ವಸು ಪುಷ್ಯಗಳಲ್ಲಿ ಏರಿಕೆ, ಮಘಾ ಮುಗಿಯುವವರೆಗೂ ಇಳಿಯುವ ಲಕ್ಷಣವಿಲ್ಲ. ನೆನೆದರೆ ಫ್ಲೂ ಬರುತ್ತದೆ ಎಂದು ಯಾರೂ ತಿಳಿಯಬಾರದು. ಮಳೆ ಹಿಡಿದರೆ ಕಿಟಕಿ ಮುಚ್ಚುತ್ತೇವೆ, ಒಲೆಯ ಸುತ್ತ ಒತ್ತಾಗಿ ಕೂರುತ್ತೇವೆ, ಆ ವೇಳೆಗೆ ಶಾಲೆಯೂ ಶುರುವಾಗಿರುತ್ತದೆ.

ಭಾರತದಲ್ಲಿ ಫ್ಲೂಗೆ ಎರಡು ಏರಿಕೆಗಳು: ಜನವರಿಯಿಂದ ಮಾರ್ಚ್ ಒಂದು, ಮಳೆಗಾಲ ಮತ್ತು ಅದರ ಬೆನ್ನಿಗೆ ಇನ್ನೊಂದು. ನನ್ನ ಪುಸ್ತಕದಲ್ಲಿ ಮೊದಲನೆಯದರ ಸುಳಿವೇ ಇರಲಿಲ್ಲ. ಮಲೆನಾಡಿಗೆ ಅದು ಬರುವುದಿಲ್ಲವೆಂದು ನಾನು ಬೀಗಿದ್ದೂ ಉಂಟು. ಕಾರಣ ಬೇರೆಯೇ ಇತ್ತು. ಆ ತಿಂಗಳುಗಳು ಇಲ್ಲಿ ಮಂಗನ ಕಾಯಿಲೆಯವು. ಜ್ವರವೆಂದರೆ ಸಾಕು, ರಕ್ತ ತೆಗೆದು ಕಳುಹಿಸುತ್ತಿದ್ದೆವು. ಮೂಗಿಗೆ ಸ್ವಾಬ್ ಕಡ್ಡಿ ಹಾಕುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಎಚ್3ಎನ್2 ಎಂಬ ಬಗೆಯ ಫ್ಲೂನಿಂದಾದ ಸಾವು ಸುದ್ದಿಯಾದ ಮೇಲೆ ಎರಡನ್ನೂ ಕಳುಹಿಸತೊಡಗಿದೆವು. ಮುಂದಿನ ಬೇಸಿಗೆಯೊಳಗೆ ಆ ಏರಿಕೆ ಪುಸ್ತಕದಲ್ಲಿ ಕಾಣಿಸಿಕೊಂಡಿತು. ಈಗ ಪಾಸಿಟಿವ್ ಎಷ್ಟು ಎಂಬುದರ ಪಕ್ಕದಲ್ಲಿ ಕಳುಹಿಸಿದ್ದು ಎಷ್ಟು ಎಂಬುದನ್ನೂ ಬರೆಯುತ್ತೇನೆ. ಇಲ್ಲವಾದರೆ ಎಣಿಸಿದ್ದು ಕಾಯಿಲೆಯನ್ನೋ ನಮ್ಮ ಭಯವನ್ನೋ ತಿಳಿಯುವುದಿಲ್ಲ.

ಜ್ವರದ ದಿನಾಂಕದ ಆ ಅಂಕಣ ನಾನು ಕೇಳದಿದ್ದ ಇನ್ನೊಂದು ವಿಷಯವನ್ನೂ ಹೇಳಿತು. ಕೆಲವರ ಜ್ವರ ಶುರುವಾದದ್ದು ಆಸ್ಪತ್ರೆಗೆ ಸೇರಿದ ಮೇಲೆ! ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯವಾಗಿ ಬಂದಿದ್ದ ಒಬ್ಬರಿಗೆ ಆರನೆಯ ದಿನ ಚಳಿಜ್ವರ. ಮೂರು ದಿನ ಕಳೆಯುವಷ್ಟರಲ್ಲಿ ಅಕ್ಕಪಕ್ಕದ ಎರಡು ಹಾಸಿಗೆಗಳಿಗೂ. ಫ್ಲೂ ವೈರಸ್ ಮೈಹೊಕ್ಕು ಲಕ್ಷಣ ತೋರಲು ಒಂದರಿಂದ ನಾಲ್ಕು ದಿನ ಸಾಕು. ಅಂದರೆ ಅದನ್ನು ಕೊಟ್ಟವರು ನಾವೇ. ಮಂಚದ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದ, ಕೆಮ್ಮುತ್ತಿದ್ದ ಅಳಿಯನನ್ನು ದೂರುವುದು ಸುಲಭವಿತ್ತು. ಆದರೆ ಅದೇ ವಾರ ಗಂಟಲು ಕೆರೆಯುತ್ತಿದ್ದರೂ ರಜೆ ಹಾಕದೆ, ಮಾಸ್ಕ್ ಇಲ್ಲದೆ ಸುತ್ತು ಬಂದವಳು ನಾನು. ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದಿದ್ದೇನೆ, ಪೆನ್ಸಿಲ್ಲಿನಲ್ಲಿ.

ಲಸಿಕೆಯನ್ನು ಮೊದಲು ಅಕ್ಟೋಬರ್‌ನಲ್ಲಿ ಹಾಕಿಸಿಕೊಳ್ಳುತ್ತಿದ್ದೆವು, ಯುರೋಪಿನವರ ಹಾಗೆ. ಯಾವ ತಳಿಗಳು ಲಸಿಕೆಯಲ್ಲಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಬಾರಿ ಹೇಳುತ್ತದೆ, ಉತ್ತರಾರ್ಧಗೋಳಕ್ಕೆ ಫೆಬ್ರವರಿಯಲ್ಲಿ, ದಕ್ಷಿಣಾರ್ಧಗೋಳಕ್ಕೆ ಸೆಪ್ಟೆಂಬರ್‌ನಲ್ಲಿ. ಭೂಪಟದಲ್ಲಿ ನಾವು ಉತ್ತರದವರು, ಆದರೆ ನಮ್ಮ ಮಳೆಗಾಲಕ್ಕೆ ಹೊಂದುವುದು ದಕ್ಷಿಣದ್ದು. ಚುಚ್ಚಿಸಿಕೊಂಡ ಮೇಲೆ ರಕ್ಷಣೆ ಬರಲು ಎರಡು ವಾರ ಬೇಕು. ಹಾಗಾಗಿ ಈಗ ಕೃತ್ತಿಕಾ ಮಳೆ ಮುಗಿಯುವುದರೊಳಗೆ, ಮೇ ತಿಂಗಳಲ್ಲೇ, ಸಿಬ್ಬಂದಿಯೆಲ್ಲ ತೋಳು ಚಾಚುತ್ತೇವೆ.

ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆಯ ಇಂಡೆಂಟನ್ನೂ, ಅಂದರೆ ಉಗ್ರಾಣಕ್ಕೆ ಕಳುಹಿಸುವ ಬೇಡಿಕೆ ಪತ್ರವನ್ನೂ, ಆಗಸ್ಟ್‌ನಿಂದ ಮೇ ತಿಂಗಳಿಗೆ ತಂದೆ. ಲಕ್ಷಣ ಶುರುವಾದ ಮೊದಲ 48 ಗಂಟೆಗಳಲ್ಲಿ ಕೊಟ್ಟರೆ ಉತ್ತಮ. ತೀರಾ ಸುಸ್ತಾಗಿ ತಡವಾಗಿ ಬಂದವರಿಗೂ ವರದಿಗೆ ಕಾಯದೆ ಶುರುಮಾಡುತ್ತೇವೆ, ಹಾಗಾಗಿ ಕೈಯಲ್ಲಿ ದಾಸ್ತಾನು ಇರಲೇಬೇಕು. ಮೊದಲ ಸಲ ಇಂಡೆಂಟಿನ ‘ಕಾರಣ’ ಎಂಬಲ್ಲಿ ‘ಪುನರ್ವಸು’ ಎಂದು ಬರೆದಿದ್ದೆ. ಉಗ್ರಾಣದಿಂದ ಕಾಗದ ಹಾಗೆಯೇ ವಾಪಸಾಯಿತು. ‘ಮುಂಗಾರು ಪೂರ್ವಸಿದ್ಧತೆ’ ಎಂದು ತಿದ್ದಿ ಕಳುಹಿಸಿದೆ, ಮೂರನೆಯ ದಿನ ಡಬ್ಬಿಗಳು ಬಂದವು.