ನಿಯೋಜನೆಯ ವೇಳೆ ರಾಸಾಯನಿಕ ದಾಳಿಯನ್ನು ಎದುರಿಸಲು ತುಕಡಿಯನ್ನು ಸಿದ್ಧಗೊಳಿಸುವುದು

ದಾಸ್ತಾನು ಪುಸ್ತಕದಲ್ಲಿ ತಲೆಗೊಂದರಂತೆ ಗ್ಯಾಸ್ ಮಾಸ್ಕ್ ಲೆಕ್ಕಕ್ಕೆ ಸಿಕ್ಕರೂ, ಯಾವ ಮಾಸ್ಕ್ ಯಾವ ಸೈನಿಕನ ಮುಖಕ್ಕೆ ಸರಿಯಾಗಿ ಕೂರುತ್ತದೆ ಎಂಬುದನ್ನು ಪರೀಕ್ಷಿಸದೆ ಹೊರಟ ತುಕಡಿಯನ್ನು ಸಿದ್ಧ ತುಕಡಿಯೆಂದು ಕರೆಯಲಾಗದು. ಆದ್ದರಿಂದ ಕೆಲಸವನ್ನು ಮುಖದಿಂದಲೇ ಆರಂಭಿಸಬೇಕು. ಪ್ರತಿಯೊಬ್ಬನಿಗೂ ಅಳತೆಗೆ ತಕ್ಕ ಮಾಸ್ಕ್ ಕೊಟ್ಟು, ಪಟ್ಟಿಗಳನ್ನು ಬಿಗಿಸಿದ ಮೇಲೆ ಗಾಳಿ ಒಳಬರುವ ದ್ವಾರವನ್ನು ಅಂಗೈಯಿಂದ ಮುಚ್ಚಿ ಉಸಿರೆಳೆಯಲು ಹೇಳಬೇಕು. ಮಾಸ್ಕ್ ಮುಖಕ್ಕೆ ಒತ್ತಿಕೊಂಡು ಹಾಗೆಯೇ ನಿಂತರೆ ಅಂಚಿನಲ್ಲಿ ಸೋರಿಕೆಯಿಲ್ಲ. ಒಂದೆರಡು ದಿನ ಕ್ಷೌರ ಮಾಡದ ಗಡ್ಡವೂ ಈ ಬಿಗಿತವನ್ನು ಕೆಡಿಸುವುದರಿಂದ ನಿತ್ಯದ ಕ್ಷೌರವನ್ನು ಶಿಸ್ತಿನ ವಿಷಯವೆನ್ನುವುದಕ್ಕಿಂತ ರಕ್ಷಣೆಯ ವಿಷಯವೆಂದು ಸೈನಿಕರಿಗೆ ತಿಳಿಸಬೇಕು. ಸಾಮಾನ್ಯ ಕನ್ನಡಕದ ಕಡ್ಡಿಗಳೂ ಇದೇ ತೊಂದರೆಯನ್ನು ಕೊಡುತ್ತವೆ. ದೃಷ್ಟಿದೋಷವಿರುವವರಿಗೆ ಮಾಸ್ಕ್‌ನೊಳಗೆ ಕೂರಿಸುವ ಮಸೂರಗಳನ್ನು ಹೊರಡುವ ಮುನ್ನವೇ ತರಿಸಿಡಬೇಕು.

ಫಿಲ್ಟರ್‌ಗಳ ಅವಧಿ ಮತ್ತು ಮೊಹರನ್ನು ನೋಡುವಾಗ ಒಂದು ಸಂಗತಿ ನೆನಪಿನಲ್ಲಿರಬೇಕು: ಇಂಗಾಲದ ಫಿಲ್ಟರ್ ಗಾಳಿಯಲ್ಲಿನ ವಿಷವನ್ನು ಹಿಡಿದಿಡುತ್ತದೆಯೇ ಹೊರತು ಆಮ್ಲಜನಕವನ್ನು ಉತ್ಪಾದಿಸುವುದಿಲ್ಲ. ಮುಚ್ಚಿದ ನೆಲಮಾಳಿಗೆ ಅಥವಾ ಟ್ಯಾಂಕಿನೊಳಗೆ ಆಮ್ಲಜನಕ ಕಡಿಮೆಯಿದ್ದರೆ ಅದನ್ನು ನಂಬಿ ಇಳಿಯಬಾರದು.

ಮಾಸ್ಕ್ ಧರಿಸುವ ಅಭ್ಯಾಸಕ್ಕೆ ಅಮೆರಿಕದ ಸೇನೆ 9 ಸೆಕೆಂಡುಗಳ ಮಿತಿಯನ್ನು ಇಟ್ಟುಕೊಂಡಿದ್ದು, ಅದನ್ನೇ ಗುರಿಯಾಗಿ ಇಟ್ಟುಕೊಳ್ಳಬಹುದು. ಎಚ್ಚರಿಕೆ ಕೇಳಿದ ಕೂಡಲೇ ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ, ಮಾಸ್ಕ್ ಹಾಕಿಕೊಂಡು, ಹೊರದ್ವಾರವನ್ನು ಮುಚ್ಚಿ ಜೋರಾಗಿ ಉಸಿರು ಬಿಟ್ಟು ಒಳಗಿನ ಗಾಳಿಯನ್ನು ಅಂಚಿನಿಂದ ಹೊರಗಟ್ಟಿ, ಬಿಗಿತವನ್ನು ಪರೀಕ್ಷಿಸಿದ ನಂತರವೇ ಪಕ್ಕದವರನ್ನು ಎಚ್ಚರಿಸಬೇಕು. ಹಗಲಿನ ಮೈದಾನದಲ್ಲಿ ಇದನ್ನು ಸಾಧಿಸುವುದು ಕಷ್ಟವಲ್ಲ. ನಿದ್ದೆಯಿಂದ ಎದ್ದಾಗ, ಕತ್ತಲಲ್ಲಿ, ವಾಹನದ ಇಕ್ಕಟ್ಟಿನಲ್ಲಿ ಸಾಧ್ಯವಾಗುವವರೆಗೂ ಅಭ್ಯಾಸವನ್ನು ನಿಲ್ಲಿಸಬಾರದು. ಎಚ್ಚರಿಕೆಯ ಕೂಗು, ಲೋಹದ ಮೇಲೆ ಲೋಹ ಬಡಿಯುವ ಸದ್ದು, ಕೈಸನ್ನೆ ಎಲ್ಲರಿಗೂ ಒಂದೇ ಆಗಿರಬೇಕು.

ಪೂರ್ಣ ರಕ್ಷಣಾ ಉಡುಪಿನ ದೊಡ್ಡ ಬೆಲೆಯೆಂದರೆ ಶಾಖ. ಮೈಯ ಬೆವರು ಆರಲು ದಾರಿಯಿಲ್ಲದ ಕಾರಣ, ಉಡುಪು ತೊಟ್ಟವನಿಗೆ ತೇವಗೋಳ ಮಾಪನದ ಸೂಚ್ಯಂಕವು (ತಾಪಮಾನ, ತೇವಾಂಶ ಮತ್ತು ಬಿಸಿಲನ್ನು ಕೂಡಿಸಿ ಶಾಖದ ಒತ್ತಡವನ್ನು ಹೇಳುವ ಅಂಕಿ) ಹಗುರ ಕೆಲಸದಲ್ಲಿಯೇ ಸುಮಾರು 5ರಿಂದ 6 ಡಿಗ್ರಿ ಸೆಲ್ಸಿಯಸ್ ಹೆಚ್ಚಾದಂತೆ ಲೆಕ್ಕ ಹಾಕಲಾಗುತ್ತದೆ. ಎಲ್ಲರನ್ನೂ ಸದಾ ಪೂರ್ಣ ಉಡುಪಿನಲ್ಲಿರಿಸುವುದು ಸುರಕ್ಷಿತವೆಂದು ತೋರಿದರೂ, ಶತ್ರುವಿನ ಒಂದು ಹನಿ ವಿಷವೂ ಬೀಳುವ ಮುನ್ನವೇ ತುಕಡಿಯನ್ನು ಸೋಲಿಸುವ ಕ್ರಮವದು. ಹಂತಗಳಿರುವುದು ಇದಕ್ಕಾಗಿಯೇ: ಮೊದಲು ಉಡುಪು, ಬಳಿಕ ಬೂಟಿನ ಹೊರಕವಚ, ಆಮೇಲೆ ಮಾಸ್ಕ್, ಕೊನೆಗೆ ಕೈಗವಸು. ಯಾವ ಹಂತದಲ್ಲಿರಬೇಕೆಂಬುದನ್ನು ಬೆದರಿಕೆ, ಹವಾಮಾನ ಮತ್ತು ಆ ಹೊತ್ತಿನ ಕೆಲಸವನ್ನು ತೂಗಿ ಕಮಾಂಡರ್ ನಿರ್ಧರಿಸಬೇಕು. ಕುಡಿಯುವ ನೀರು ಮತ್ತು ವಿಶ್ರಾಂತಿಯ ಸರದಿ ಆದೇಶದಲ್ಲಿಯೇ ಸೇರಿರಬೇಕು. ಮಾಸ್ಕ್‌ನ ಕೊಳವೆಯ ಮೂಲಕ ನೀರು ಕುಡಿಯುವುದನ್ನು ಪ್ರತಿಯೊಬ್ಬರೂ ಮೊದಲೇ ಮಾಡಿ ನೋಡಿರಬೇಕು.

ವಿಷವನ್ನು ಪತ್ತೆಹಚ್ಚುವ ಕಾಗದವು ದ್ರವದ ಹನಿಗೆ ಬಣ್ಣ ಬದಲಿಸುತ್ತದೆ, ಆವಿಗೆ ಅಲ್ಲ. ಇಂಧನದಂತಹ ವಸ್ತುಗಳೂ ಅದರ ಬಣ್ಣ ಬದಲಿಸಬಹುದಾದ್ದರಿಂದ ಒಂದೇ ಸಾಧನದ ಮಾತಿನ ಮೇಲೆ ಇಡೀ ಚಿತ್ರವನ್ನು ಕಟ್ಟಬಾರದು, ಆದರೆ ಎರಡನೆಯ ಸಾಧನದ ಫಲಿತಾಂಶ ಬರುವವರೆಗೆ ಮಾಸ್ಕ್ ತೆಗೆಯಲೂಬಾರದು. ಸ್ವಯಂಚಾಲಿತ ಎಚ್ಚರಿಕೆ ಯಂತ್ರಗಳನ್ನು ಗಾಳಿ ಬೀಸಿ ಬರುವ ದಿಕ್ಕಿನಲ್ಲಿ ಇಡಬೇಕು, ಗಾಳಿ ತಿರುಗಿದರೆ ಯಂತ್ರದ ಜಾಗವೂ ಬದಲಾಗಬೇಕು. ರಾತ್ರಿ ಮತ್ತು ನಸುಕಿನಲ್ಲಿ ನೆಲದ ಬಳಿ ತಣ್ಣನೆಯ ಗಾಳಿ ನಿಂತಿರುವಾಗ ಆವಿಯು ತಗ್ಗಿನಲ್ಲಿ ಹೆಚ್ಚು ಹೊತ್ತು ಉಳಿಯುವ ಕಾರಣ, ಕಂದಕಗಳಲ್ಲಿರುವವರ ಬಗ್ಗೆ ವಿಶೇಷ ಗಮನವಿರಲಿ.

ಲಕ್ಷಣಗಳನ್ನು ಗುರುತಿಸುವುದು ಎಲ್ಲರ ಪಾಠವಾಗಬೇಕು. ನರಗಳ ಮೇಲೆ ಕೆಲಸ ಮಾಡುವ ಸರಿನ್‌ನಂತಹ ವಿಷಕ್ಕೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮೂಗು ಸೋರುತ್ತದೆ, ಎದೆ ಬಿಗಿಯುತ್ತದೆ. ಸಾಸಿವೆ ಅನಿಲ ಇದಕ್ಕಿಂತ ಮೋಸದ್ದು: 1917ರ ಜುಲೈನಲ್ಲಿ ಬೆಲ್ಜಿಯಂನ ಈಪರ್ ಬಳಿ ಅದು ಮೊದಲು ಬಳಕೆಯಾದಾಗ ಸೈನಿಕರಿಗೆ ಆ ಕ್ಷಣಕ್ಕೆ ಹೆಚ್ಚೇನೂ ಅನ್ನಿಸಿರಲಿಲ್ಲ, ಗುಳ್ಳೆಗಳು ಮತ್ತು ಕಣ್ಣಿನ ಉರಿ ಕಾಣಿಸಿದ್ದು ಗಂಟೆಗಳ ನಂತರ. ನೋವಿಲ್ಲವೆಂದು ಹನಿಯನ್ನು ಹಾಗೆಯೇ ಬಿಟ್ಟವನು ಕೆಡುತ್ತಾನೆ, ಏಕೆಂದರೆ ಚರ್ಮಕ್ಕೆ ಹಾನಿ ಕೆಲವೇ ನಿಮಿಷಗಳಲ್ಲಿ ಆಗಿಹೋಗಿರುತ್ತದೆ. ಚರ್ಮವನ್ನು ಶುದ್ಧಗೊಳಿಸುವ ಪೊಟ್ಟಣ ಯಾವ ಜೇಬಿನಲ್ಲಿದೆ ಎಂಬುದು ಕೈಗವಸು ತೊಟ್ಟ ಕೈಗೂ ತಿಳಿದಿರಬೇಕು.

ಸರಿನ್‌ನಂತಹ ನರವಿಷಕ್ಕೆ ಪ್ರತಿಮದ್ದಾದ ಅಟ್ರೋಪಿನ್ ಚುಚ್ಚುಮದ್ದಿನ ವಿಷಯದಲ್ಲಿ ಎರಡು ನಿಯಮಗಳು ಮುಖ್ಯ. ಗಾಯಾಳುವಿಗೆ ಅವನದೇ ಚುಚ್ಚುಮದ್ದನ್ನು ಕೊಡಬೇಕು, ನೆರವಾಗುವವನು ತನ್ನದನ್ನು ಖರ್ಚು ಮಾಡಿಕೊಳ್ಳಬಾರದು. ಬಳಸಿದ್ದನ್ನು ಗಾಯಾಳುವಿನ ಉಡುಪಿಗೆ ಸಿಕ್ಕಿಸಬೇಕು, ಎಷ್ಟು ಕೊಡಲಾಗಿದೆ ಎಂಬುದು ವೈದ್ಯರಿಗೆ ಕಾಣುವಂತೆ. ಲಕ್ಷಣವಿಲ್ಲದವರಿಗೆ ಭಯದಿಂದ ಅಟ್ರೋಪಿನ್ ಕೊಡುವುದು ಅಪಾಯ, ಅದು ಬೆವರನ್ನು ತಡೆದು ಶಾಖದ ಆಘಾತಕ್ಕೆ ದಾರಿಮಾಡುತ್ತದೆ.

ಗಾಯಾಳುವನ್ನು ಚಿಕಿತ್ಸಾ ಡೇರೆಯೊಳಗೆ ಒಯ್ಯುವ ಮುನ್ನ ಬಟ್ಟೆ ತೆಗೆದು ಶುದ್ಧಗೊಳಿಸಬೇಕು. 1995ರ ಮಾರ್ಚ್ 20ರಂದು ಟೋಕಿಯೊ ಸುರಂಗ ರೈಲಿನಲ್ಲಿ ಸರಿನ್ ದಾಳಿ ನಡೆದಾಗ, ರೋಗಿಗಳ ಬಟ್ಟೆಯಿಂದ ಹೊಮ್ಮಿದ ಆವಿಯೇ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಹಲವರನ್ನು ಬಾಧಿಸಿತ್ತು. ಶುದ್ಧೀಕರಣದ ಜಾಗವನ್ನು ಡೇರೆಗಿಂತ ಗಾಳಿಯ ಕೆಳದಿಕ್ಕಿಗೆ ಆರಿಸಿ, ಹರಿದುಹೋಗುವ ನೀರು ಎಲ್ಲಿ ಸೇರುತ್ತದೆಂಬುದನ್ನೂ ಮೊದಲೇ ನೋಡಿಡಬೇಕು. ಅಪಾಯ ಕಳೆದ ಬಳಿಕ ಮಾಸ್ಕ್ ತೆಗೆಯುವ ಆದೇಶವನ್ನು, ಪತ್ತೆ ಸಾಧನಗಳಿಂದ ಮತ್ತೆ ಪರೀಕ್ಷಿಸಿದ ನಂತರ, ಅಧಿಕಾರವುಳ್ಳ ಅಧಿಕಾರಿ ಮಾತ್ರ ನೀಡಬೇಕು.