ಬ್ರೇಕಿನ ಭಾರ ಹೊರುವುದು ತೊಡೆ: ರೇಸರ್‌ಗಳ ಫಿಟ್‌ನೆಸ್ ಮತ್ತು ಗಾಯಗಳ ಬಗ್ಗೆ ನನ್ನ ಅನುಭವ

ಬೈಕ್ ರೇಸಿನ ಅತಿ ಮೇಲಿನ ವರ್ಗವಾದ ಮೋಟೋಜಿಪಿಯಲ್ಲಿ ಗಂಟೆಗೆ 340 ಕಿ.ಮೀ. ವೇಗದಲ್ಲಿ ಬರುವ ಬೈಕು ಐದಾರು ಸೆಕೆಂಡಿನಲ್ಲಿ 90ಕ್ಕೆ ಇಳಿಯುತ್ತದೆ. ಆ ಹೊತ್ತಿನಲ್ಲಿ ರೈಡರ್‌ನ ಮೈ ಮುಂದಕ್ಕೆ ನುಗ್ಗುವ ಬಲ ಗುರುತ್ವದ ಒಂದೂವರೆ ಪಟ್ಟಿನ ಹತ್ತಿರ ಹೋಗುತ್ತದೆ. 65 ಕೆ.ಜಿ. ತೂಕದವನು ಸೂಟು, ಹೆಲ್ಮೆಟ್, ಬೂಟು ಸೇರಿ 75 ಎಂದುಕೊಳ್ಳಿ; ನೂರು ಕೆ.ಜಿ.ಗೂ ಮೀರಿದ ಭಾರವನ್ನು ಮೈಯ ಯಾವುದೋ ಒಂದು ಭಾಗ ತಡೆಯಲೇಬೇಕು. ಒಂದು ಲ್ಯಾಪಿನಲ್ಲಿ ಇಂಥ ಜಾಗ ಐದೇ ಇದ್ದರೂ 25 ಲ್ಯಾಪಿಗೆ 125 ಸಲ. ಈ ಭಾರ ಹ್ಯಾಂಡಲ್‌ಗೆ ಹೋದರೆ ಹದಿನೈದನೇ ಲ್ಯಾಪಿನ ಹೊತ್ತಿಗೆ ಕೈ ಸೋತಿರುತ್ತದೆ. ಟ್ಯಾಂಕಿಗೆ ಒತ್ತಿದ ತೊಡೆಗೆ ಹೋದರೆ ಕೊನೆಯ ಲ್ಯಾಪಿನಲ್ಲೂ ಬೆರಳಿಗೆ ಬ್ರೇಕ್ ಲಿವರ್‌ನ ಸೂಕ್ಷ್ಮ ತಿಳಿಯುತ್ತದೆ. ರೈಡರ್‌ಗಳನ್ನು ತಯಾರು ಮಾಡುವ ನನ್ನ ಕೆಲಸ ಪೂರ್ತಿ ಈ ಲೆಕ್ಕದ ಮೇಲೆ ನಿಂತಿದೆ. ಗಾಯದಿಂದ ಎದ್ದವರನ್ನು ಮತ್ತೆ ಬೈಕು ಹತ್ತಿಸುವಾಗಲೂ ಮೊದಲು ನೋಡುವುದು ಇದನ್ನೇ.

ಹೀಗೆ ಮುಂಗೈ ಸೋಲುವುದಕ್ಕೆ ರೇಸರ್‌ಗಳು ಆರ್ಮ್ ಪಂಪ್ ಎನ್ನುತ್ತಾರೆ. ಅದು ಏನೆಂದು ಸರಿಯಾಗಿ ತಿಳಿದುಕೊಳ್ಳದೆ ಅದಕ್ಕೆ ಮದ್ದು ಹುಡುಕುವವರೇ ಹೆಚ್ಚು. ಮುಂಗೈಯ ಸ್ನಾಯುಗಳು ಹಿಗ್ಗದ ಗಟ್ಟಿ ಪೊರೆಯೊಳಗೆ ಕೂತಿವೆ. ಬಿಗಿ ಬಿಡದೆ ಹಿಡಿದೇ ಇದ್ದಾಗ ರಕ್ತ ತುಂಬಿ ಸ್ನಾಯು ಉಬ್ಬುತ್ತದೆ, ಪೊರೆ ಮಾತ್ರ ಜಾಗ ಕೊಡುವುದಿಲ್ಲ. ಒಳಗಿನ ಒತ್ತಡ ಏರಿದಂತೆ ರಕ್ತ ಹೊರಗೆ ಹರಿಯುವ ದಾರಿ ಅಮುಕಿಹೋಗುತ್ತದೆ. ಮುಂಗೈ ಕಲ್ಲಾಗುತ್ತದೆ, ಬೆರಳು ಜೋಮು ಹಿಡಿಯುತ್ತದೆ, ಲಿವರ್ ಎಷ್ಟು ಒತ್ತಿದೆ ಎನ್ನುವ ಅಂದಾಜೇ ತಪ್ಪುತ್ತದೆ. 2021ರ ಮೇ ತಿಂಗಳಲ್ಲಿ ಖೆರೆಸ್‌ನಲ್ಲಿ ರೇಸು ಮುನ್ನಡೆಸುತ್ತಿದ್ದ ಫಾಬಿಯೋ ಕ್ವಾರ್ಟರಾರೋ 13ನೇ ಸ್ಥಾನಕ್ಕೆ ಜಾರಿದ್ದು ಇದರಿಂದಲೇ. ಪೊರೆ ಸೀಳುವ ಆಪರೇಷನ್ ಮಾಡಿಸಿಕೊಂಡು ಎರಡೇ ವಾರದಲ್ಲಿ ಲೆ ಮಾನ್ಸ್‌ನಲ್ಲಿ ಮೂರನೆಯವರಾದರು. ಅದನ್ನು ನೋಡಿ ಆಪರೇಷನ್ನೇ ಸುಲಭದ ದಾರಿ ಎಂದು ಹೊರಟವರುಂಟು. 2015ರಲ್ಲಿ ಇದೇ ತೊಂದರೆಗೆ ಆಪರೇಷನ್ ಮಾಡಿಸಿಕೊಂಡ ಡಾನಿ ಪೆಡ್ರೋಸಾ ಮೂರು ರೇಸು ತಪ್ಪಿಸಿಕೊಳ್ಳಬೇಕಾಯಿತು ಎನ್ನುವುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಪೊರೆ ಮಾಯುವಾಗ ಗಂಟುಗಟ್ಟಿದರೆ ತೊಂದರೆ ಮರಳಿ ಬರುತ್ತದೆ.

ಆದ್ದರಿಂದ ಕತ್ತರಿಯ ಮಾತಿಗೆ ಮುಂಚೆ ಅಳತೆ ಆಗಬೇಕು. ವೈದ್ಯರು ಸ್ನಾಯುವಿಗೆ ಸೂಜಿ ಹಾಕಿ ಒಳಗಿನ ಒತ್ತಡ ನೋಡುತ್ತಾರೆ. ವಿಶ್ರಾಂತಿಯಲ್ಲಿ ಪಾದರಸದ 15 ಮಿ.ಮೀ., ಕೈಗೆ ಕೆಲಸ ಕೊಟ್ಟ ಒಂದು ನಿಮಿಷದ ನಂತರ 30, ಐದು ನಿಮಿಷದ ನಂತರ 20: ಇವುಗಳಲ್ಲಿ ಒಂದನ್ನಾದರೂ ಮುಟ್ಟಿದರೆ ಅಥವಾ ದಾಟಿದರೆ ಮಾತ್ರ ಅದು ಪೊರೆಯ ಸಮಸ್ಯೆ ಎಂದು ನಾನು ಒಪ್ಪುವುದು. ಉಳಿದವರದ್ದು ಬಹುಮಟ್ಟಿಗೆ ಬೈಕಿನ ಮೇಲೆ ಕೂರುವ ರೀತಿಯ ಸಮಸ್ಯೆ, ಇಲ್ಲವೇ ಬೈಕಿನದೇ ಸಮಸ್ಯೆ.

ಬೈಕಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದಕ್ಕೆ ಹತ್ತು ನಿಮಿಷ ಸಾಕು. ಬೈಕನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸೂಟು, ಗ್ಲೌಸು ಹಾಕಿಸಿಯೇ ರೈಡರ್‌ನನ್ನು ಕೂರಿಸಬೇಕು. ಟೀ ಶರ್ಟಿನಲ್ಲಿ ಕೂತು ಹೊಂದಿಸಿದ ಲಿವರ್ ಸೂಟಿನಲ್ಲಿ ಸರಿಹೋಗುವುದಿಲ್ಲ. ನೇರ ರಸ್ತೆಯಲ್ಲಿ ಬಗ್ಗುವ ಭಂಗಿ ಬೇಡ, ಬ್ರೇಕ್ ಹಿಡಿಯುವಾಗ ಎದ್ದು ಕೂರುವ ಭಂಗಿಯಲ್ಲಿ ನೋಡಿ: ಮೊಣಕೈಯಿಂದ ಬೆರಳ ತುದಿಯವರೆಗೆ ಗೆರೆ ನೇರವಾಗಿರಬೇಕು, ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಮುರಿಯಬಾರದು. ಲಿವರ್ ತೀರಾ ಕೆಳಗಿದ್ದರೆ ಬೆರಳು ಚಾಚಿ ಎಳೆಯುವಾಗ ಮುಂಗೈಯ ಎರಡೂ ಬದಿ ಏಕಕಾಲಕ್ಕೆ ದುಡಿಯುತ್ತದೆ. ಆಮೇಲೆ ಗ್ರಿಪ್ಪಿನ ದಪ್ಪ. ಸಣ್ಣ ಕೈಗೆ ದಪ್ಪ ಗ್ರಿಪ್ ಸಿಕ್ಕರೆ ಹಿಡಿತ ಪೂರ್ತಿ ಮುಚ್ಚುವುದಿಲ್ಲ, ಜಾರದಂತೆ ಹೆಚ್ಚು ಬಿಗಿ ಹಿಡಿಯಬೇಕಾಗುತ್ತದೆ. ಕೊನೆಗೆ ಸೂಟಿನ ತೋಳು. ಇದನ್ನು ಬಹಳಷ್ಟು ಜನ ನೋಡುವುದೇ ಇಲ್ಲ. ಮುಂಗೈ ಬಿಗಿ ಹಿಡಿಸಿ ಝಿಪ್ಪಿನ ಮೇಲ್ಗಡೆ ಸೂಟಿನ ಚರ್ಮದ ಕೆಳಗೆ ಎರಡು ಬೆರಳು ತೂರುತ್ತದೆಯೇ ನೋಡಿ. ತೂರದಿದ್ದರೆ ಸೂಟೇ ಎರಡನೇ ಪೊರೆಯಾಗಿ ಕೂತಿದೆ. ಚಳಿಗಾಲದಲ್ಲಿ ಜಿಮ್ಮಿಗೆ ಹೋಗಿ ಕೈ ದಪ್ಪ ಮಾಡಿಕೊಂಡು ಬಂದವರಿಗೆ ಹಳೆಯ ಸೂಟು ಹೀಗೆ ಕೈಕೊಡುತ್ತದೆ.

ಜಿಮ್ಮಿನ ಮಾತು ಬಂದದ್ದರಿಂದ ಹೇಳುತ್ತೇನೆ: ಕೈ ಸೋಲುತ್ತದೆ ಎಂದು ಗ್ರಿಪ್ಪರ್ (ಅಂಗೈಯಲ್ಲಿ ಹಿಂಡುವ ಸ್ಪ್ರಿಂಗ್) ಒತ್ತುತ್ತಾ ಕೂರುವುದು ನಾನು ಕಂಡ ದೊಡ್ಡ ತಪ್ಪು. ಹಿಗ್ಗದ ಪೊರೆಯೊಳಗಿನ ಸ್ನಾಯುವನ್ನು ಇನ್ನಷ್ಟು ದಪ್ಪ ಮಾಡಿ ಏನು ಪ್ರಯೋಜನ? ಕೈಗೆ ವಾರಕ್ಕೆ ಎರಡೇ ದಿನ, ಹಗುರ ತೂಕ, ದೀರ್ಘ ಸಮಯ. ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಚ್ಚುವ ವ್ಯಾಯಾಮ 30 ಸಲದ ಮೂರು ಸೆಟ್ ಕಡ್ಡಾಯ, ಏಕೆಂದರೆ ಮುಚ್ಚುವ ಸ್ನಾಯುವಿನಷ್ಟೇ ತೆರೆಯುವ ಸ್ನಾಯುವೂ ದಣಿಯುತ್ತದೆ. ರೇಸಿಗೆ ಮೂರು ದಿನ ಮುಂಚಿನಿಂದ ಬಿಗಿ ಹಿಡಿತದ ಕೆಲಸ ಪೂರ್ತಿ ಬಂದ್. ಡೆಡ್‌ಲಿಫ್ಟ್ ಮಾಡಿಸುವುದಿದ್ದರೂ ಆ ವಾರ ಹಿಡಿತಕ್ಕೆ ಭಾರ ಬೀಳದಂತೆ ಮಣಿಕಟ್ಟಿಗೆ ಸ್ಟ್ರ್ಯಾಪ್ ಕಟ್ಟಿಯೇ ಮಾಡಿಸುತ್ತೇನೆ.

ನಿಜವಾದ ದುಡಿಮೆ ಸೊಂಟದ ಕೆಳಗೆ. ತೊಡೆಯ ಒಳಬದಿಗೆ ಕೋಪನ್‌ಹೇಗನ್ ಪ್ಲ್ಯಾಂಕ್: ಪಕ್ಕಕ್ಕೆ ಮಲಗಿ, ಮೇಲಿನ ಕಾಲನ್ನು ಬೆಂಚಿನ ಮೇಲಿಟ್ಟು ಮೈ ಎತ್ತಿ ಹಿಡಿಯುವುದು. ಮೊದಲ ಎರಡು ವಾರ ಮೊಣಕಾಲು ಬೆಂಚಿನ ಮೇಲಿರಲಿ, 15 ಸೆಕೆಂಡ್ ಸಾಕು. ಆಮೇಲೆ ಪಾದ ಬೆಂಚಿನ ಮೇಲೆ, 30 ಸೆಕೆಂಡ್, ಬದಿಗೆ ಮೂರು ಸಲ. ಅವಸರ ಮಾಡಿದರೆ ತೊಡೆಸಂದಿ ಎಳೆದುಕೊಂಡು ಒಂದು ತಿಂಗಳು ಹೋಗುತ್ತದೆ. ಇದರ ಜೊತೆ ಒಂಟಿ ಕಾಲಿನ ಸ್ಕ್ವಾಟ್, ಬೆನ್ನಿನ ಕೆಳಭಾಗಕ್ಕೆ ಬ್ಯಾಕ್ ಎಕ್ಸ್‌ಟೆನ್ಷನ್.

ಇವೆಲ್ಲ ಬೈಕಿಗೆ ಬರಬೇಕಾದರೆ ನನ್ನ ಕೈಯಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಒಂದೇ ವ್ಯಾಯಾಮ. ಬೈಕನ್ನು ಸ್ಟ್ಯಾಂಡಿಗೆ ಭದ್ರವಾಗಿ ಏರಿಸಿ. ರೈಡರ್‌ನ ಸೊಂಟಕ್ಕೆ ಅಗಲ ಬೆಲ್ಟ್ ಕಟ್ಟಿ, ಅದಕ್ಕೆ ಎರಡು ದಪ್ಪ ರಬ್ಬರ್ ಬ್ಯಾಂಡ್ ಸಿಕ್ಕಿಸಿ. ಬ್ಯಾಂಡುಗಳು ಟ್ಯಾಂಕಿನ ಎರಡೂ ಪಕ್ಕದಿಂದ ಮುಂದೆ ಹೋಗಿ, ಬೈಕಿಗೆ ತಗಲದಂತೆ ಗೋಡೆಯ ಕೊಕ್ಕೆಗೆ ಸೇರಬೇಕು. ಬ್ಯಾಂಡ್ ಸೊಂಟವನ್ನು ಟ್ಯಾಂಕಿನ ಕಡೆ ಎಳೆಯುತ್ತಿರುವಾಗ ರೈಡರ್ ಬ್ರೇಕಿನ ಭಂಗಿಯಲ್ಲಿ ಕೂತು, ಎರಡೂ ಮೊಣಕಾಲಿನಿಂದ ಟ್ಯಾಂಕ್ ಒತ್ತಿ, ಪಾದವನ್ನು ಫುಟ್‌ಪೆಗ್‌ಗೆ ಊರಿ ತಡೆಯಬೇಕು. ನಾನು ‘ಬಿಡು’ ಎಂದಾಗ ಎರಡೂ ಅಂಗೈ ಹ್ಯಾಂಡಲ್‌ನಿಂದ ಒಂದಿಂಚು ಏಳಬೇಕು. ಎದ್ದಾಗ ಎದೆ ಮುಂದಕ್ಕೆ ಕುಸಿದರೆ ಅಲ್ಲಿಯವರೆಗೆ ಭಾರ ಹೊತ್ತಿದ್ದದ್ದು ಕೈ ಎಂದಾಯಿತು. 40 ಸೆಕೆಂಡ್ ಕೆಲಸ, 20 ಸೆಕೆಂಡ್ ಬಿಡುವು, ಎಂಟು ಸುತ್ತು. ದಣಿದಾಗ ಮೊದಲು ಕೆಡುವುದು ಹೆಗಲು: ಕಿವಿಯ ಹತ್ತಿರಕ್ಕೆ ಏರುತ್ತದೆ. ಅದರ ಹಿಂದೆಯೇ ಮೊಣಕೈ ನೆಟ್ಟಗಾಗುತ್ತದೆ, ಉಸಿರು ನಿಲ್ಲುತ್ತದೆ. ಹೆಗಲು ಏರಿದ ಕ್ಷಣವೇ ಆ ಸುತ್ತು ನಿಲ್ಲಿಸುತ್ತೇನೆ. ತಪ್ಪು ಭಂಗಿಯಲ್ಲಿ ಹತ್ತು ಸೆಕೆಂಡ್ ಹೆಚ್ಚು ಮಾಡಿದರೆ ಮೈ ಅದನ್ನೇ ಕಲಿಯುತ್ತದೆ.

ಉಸಿರಿನ ತಾಕತ್ತಿಗೆ ಸೈಕಲ್. ವಾರಕ್ಕೆ ಎರಡು ಸಲ ಎರಡೆರಡು ಗಂಟೆ ಮಾತಾಡಿಕೊಂಡು ತುಳಿಯುವಷ್ಟು ನಿಧಾನ, ಒಂದು ಸಲ ನಾಲ್ಕು ನಿಮಿಷದ ನಾಲ್ಕು ಬಿರುಸಿನ ತುಳಿತ, ನಡುವೆ ಮೂರು ನಿಮಿಷ ಬಿಡುವು, ಹೃದಯ ಬಡಿತ ಗರಿಷ್ಠದ ಶೇ. 90ರ ಆಸುಪಾಸು. ರೇಸು ಮುಕ್ಕಾಲು ಗಂಟೆಯ ಒಳಗೇ ಮುಗಿಯುತ್ತದೆ, ಆದರೆ 2023ರಿಂದ ಶನಿವಾರ ಸ್ಪ್ರಿಂಟ್ ರೇಸೂ ಸೇರಿದ್ದರಿಂದ ಭಾನುವಾರಕ್ಕೆ ಚೇತರಿಸಿಕೊಳ್ಳುವ ಶಕ್ತಿಗೇ ಹೆಚ್ಚು ಬೆಲೆ. ಮೋಟೋಕ್ರಾಸ್ ಓಡಿಸುವುದರಷ್ಟು ಒಳ್ಳೆಯ ತಯಾರಿ ಇನ್ನೊಂದಿಲ್ಲ ಎನ್ನುವುದು ನಿಜ. ವ್ಯಾಲೆಂಟಿನೋ ರಾಸ್ಸಿ 2017ರಲ್ಲಿ ಕಾಲು ಮುರಿದುಕೊಂಡದ್ದು ಎಂಡ್ಯೂರೋ ಬೈಕಿನಲ್ಲಿ ಎನ್ನುವುದೂ ನಿಜ. ಸೀಸನ್ ನಡುವೆ ನಾನು ದೊಡ್ಡ ಜಂಪ್ ಇರುವ ಟ್ರ್ಯಾಕಿಗೆ ಯಾರನ್ನೂ ಕಳಿಸುವುದಿಲ್ಲ; ಸಪಾಟು ಮಣ್ಣಿನ ಫ್ಲ್ಯಾಟ್ ಟ್ರ್ಯಾಕ್ ಸಾಕು.

ತೂಕ ಇಳಿಸುವ ಹುಚ್ಚಿನ ಬಗ್ಗೆ ಎರಡು ಮಾತು. ಗ್ರ್ಯಾನ್ ಪ್ರೀಯ ಅತಿ ಸಣ್ಣ ಬೈಕಿನ ವರ್ಗವಾದ ಮೋಟೋ3ಯಲ್ಲಿ ಬೈಕು ಮತ್ತು ರೈಡರ್ ಸೇರಿ ಕನಿಷ್ಠ 152 ಕೆ.ಜಿ. ಇರಬೇಕು. ಅದಕ್ಕಿಂತ ಕೆಳಗಿಳಿದವನ ಬೈಕಿಗೆ ಸೀಸ ಕಟ್ಟುತ್ತಾರೆ, ಅಂದರೆ ಹಸಿದದ್ದು ದಂಡ. ಬಿಸಿಲಿನ ರೇಸಿನಲ್ಲಿ ಚರ್ಮದ ಸೂಟಿನೊಳಗೆ ಒಂದು ಲೀಟರಿಗಿಂತ ಹೆಚ್ಚು ಬೆವರು ಹೋಗಬಹುದು. ಪ್ರತಿ ಸೆಷನ್ನಿನ ಮುಂಚೆ, ಆಮೇಲೆ ಒಳಉಡುಪಿನಲ್ಲಿ ತೂಗಿ ಬರೆದಿಡಿ. ಕಳೆದ ಪ್ರತಿ ಕಿಲೋಗೆ ಒಂದೂಕಾಲರಿಂದ ಒಂದೂವರೆ ಲೀಟರ್, ಉಪ್ಪಿನಂಶ ಸೇರಿಸಿ, ಮೂರ್ನಾಲ್ಕು ಗಂಟೆಯಲ್ಲಿ ಹಂಚಿ ಕುಡಿಸಿ. ಬರೀ ನೀರು ಗಟಗಟ ಕುಡಿದರೆ ಅದರಲ್ಲಿ ಬಹಳಷ್ಟು ಮೂತ್ರವಾಗಿ ಹೋಗುತ್ತದೆ.

ಗಾಯಕ್ಕೆ ಬರೋಣ. 2018ರಿಂದ ಗ್ರ್ಯಾನ್ ಪ್ರೀಯ ಎಲ್ಲ ವರ್ಗಗಳಲ್ಲೂ ಏರ್‌ಬ್ಯಾಗ್ ಸೂಟು ಕಡ್ಡಾಯ. ಅದು ಹೆಗಲು, ಕೊರಳೆಲುಬನ್ನು ಕಾಯುತ್ತದೆ. ಕೈಬೆರಳು, ಮಣಿಕಟ್ಟು, ಹಿಮ್ಮಡಿಗೆ ಅದರ ನೆರಳಿಲ್ಲ. ಅದಿದ್ದರೂ ಕೊರಳೆಲುಬು ಮುರಿಯುತ್ತಲೇ ಇರುತ್ತದೆ. 2013ರಲ್ಲಿ ಅಸೆನ್‌ನಲ್ಲಿ ಜೋರ್ಜ್ ಲೊರೆಂಜೋ ಗುರುವಾರ ಎಡ ಕೊರಳೆಲುಬು ಮುರಿದುಕೊಂಡು, ಬಾರ್ಸಿಲೋನಾಗೆ ಹಾರಿ ಟೈಟೇನಿಯಂ ಪ್ಲೇಟ್ ಹಾಕಿಸಿಕೊಂಡು, ಶನಿವಾರ ರೇಸಿನಲ್ಲಿ ಐದನೆಯವರಾಗಿ ಮುಗಿಸಿದರು. ಎಲ್ಲರಿಗೂ ನೆನಪಿರುವುದು ಇಷ್ಟು. ಎರಡು ವಾರದ ನಂತರ ಸಾಕ್ಸೆನ್‌ರಿಂಗ್‌ನಲ್ಲಿ ಮತ್ತೆ ಬಿದ್ದು ಅದೇ ಪ್ಲೇಟ್ ಬಾಗಿತು, ಇನ್ನೊಂದು ಆಪರೇಷನ್ ಆಯಿತು, ಆ ರೇಸು ಕೈತಪ್ಪಿತು. ವರ್ಷದ ಕೊನೆಗೆ ಪಟ್ಟ ಹೋದದ್ದು ನಾಲ್ಕು ಅಂಕದಿಂದ. ಪ್ಲೇಟ್ ಹಾಕಿದ ದಿನ ಮೂಳೆ ಕೂಡಿರುವುದಿಲ್ಲ, ಮೂಳೆಯ ಕೆಲಸವನ್ನು ಲೋಹ ಮಾಡುತ್ತಿರುತ್ತದೆ ಅಷ್ಟೆ. ಕೂಡಲು ಆರರಿಂದ ಹನ್ನೆರಡು ವಾರ ಬೇಕು.

ತೋಳಿನ ಮೂಳೆಯ ವಿಷಯದಲ್ಲಿ ಇದಕ್ಕಿಂತ ಕಠಿಣ ಪಾಠ ಮಾರ್ಕ್ ಮಾರ್ಕೆಸ್ ಅವರದ್ದು. 2020ರ ಜುಲೈ 19ರಂದು ಖೆರೆಸ್‌ನಲ್ಲಿ ಬಲತೋಳು ಮುರಿಯಿತು, 21ಕ್ಕೆ ಪ್ಲೇಟ್, 25ಕ್ಕೆ ಮತ್ತೆ ಬೈಕಿನ ಮೇಲೆ. ಆಗಸ್ಟ್ 3ಕ್ಕೆ ಪ್ಲೇಟ್ ಕೆಟ್ಟು ಎರಡನೇ ಆಪರೇಷನ್. ಡಿಸೆಂಬರ್‌ನಲ್ಲಿ ಮೂರನೆಯದು, ಆಗ ಸೋಂಕೂ ಕಂಡಿತು. ಮೂಳೆ ತಿರುಚಿ ಕೂಡಿದ್ದನ್ನು ಸರಿಪಡಿಸಲು 2022ರ ಜೂನ್‌ನಲ್ಲಿ ನಾಲ್ಕನೆಯದು. ಮತ್ತೆ ಚಾಂಪಿಯನ್ ಆದದ್ದು 2025ರಲ್ಲಿ. ಬ್ರೇಕಿನ ಭಾರವನ್ನು ನೇರವಾಗಿ ಹೊರುವ ಮೂಳೆ ಅದು. ಕೊರಳೆಲುಬಿನ ಲೆಕ್ಕವನ್ನು ಅದಕ್ಕೆ ಹಚ್ಚುವಂತಿಲ್ಲ.

ಹೀಗಾಗಿ ತಾರೀಕು ನೋಡಿ ನಾನು ಯಾರನ್ನೂ ಬೈಕು ಹತ್ತಿಸುವುದಿಲ್ಲ. ಶಸ್ತ್ರಚಿಕಿತ್ಸಕರು ಒಪ್ಪಿದ ಮೇಲೆ ನನ್ನ ಕಡೆಯ ಪರೀಕ್ಷೆ ಹೀಗಿದೆ: ಹಿಡಿತ ಅಳೆಯುವ ಮೀಟರಿನಲ್ಲಿ ಗಾಯದ ಕೈ ಇನ್ನೊಂದು ಕೈಯ ಶೇ. 90 ತಲುಪಬೇಕು, ಅದೂ ಮೊದಲ ಸಲ ಒತ್ತಿದಾಗ ಬಂದ ಅಂಕಿ ಸಾಲದು, ಹತ್ತನೇ ಸಲದ್ದು ಬೇಕು. ನಿಲ್ಲದೆ 20 ಪುಷ್‌ಅಪ್, ಮೈ ಒಂದು ಕಡೆ ವಾಲಬಾರದು. ಆಮೇಲೆ ಬ್ಯಾಂಡಿನ ವ್ಯಾಯಾಮ ಎಂಟು ಸುತ್ತೂ. ಕಾಲಿನ ಗಾಯವಾದರೆ ಒಂಟಿ ಕಾಲಿನಲ್ಲಿ ಕುಪ್ಪಳಿಸಿ, ಓಡಿ, ತಡೆಗೋಡೆ ಹತ್ತಬೇಕು. ಬಿದ್ದ ಬೈಕಿನ ಪಕ್ಕದಿಂದ ಓಡಲಾಗದವನು ಟ್ರ್ಯಾಕಿನಲ್ಲಿದ್ದರೆ ಅವನಿಗಷ್ಟೇ ಅಪಾಯವಲ್ಲ, ಹಿಂದೆ ಬರುವವರಿಗೂ ಅಪಾಯ.

ಮಣಿಕಟ್ಟು ಉಳುಕಿದೆ ಎಂದು ಬಂದವರ ಹೆಬ್ಬೆರಳ ಬುಡದ ತಗ್ಗನ್ನು ಮೊದಲು ಒತ್ತಿ ನೋಡಿ. ಅಲ್ಲಿ ನೋವಿದ್ದರೆ ಸ್ಕೇಫಾಯ್ಡ್ ಮೂಳೆಯ ಬಿರುಕಿನ ಅನುಮಾನ ಬರಲೇಬೇಕು. ಮೊದಲ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು; ಎಂಆರ್‌ಐ ಮಾಡಿಸಿ, ಇಲ್ಲವೇ ಪಟ್ಟಿ ಕಟ್ಟಿ ಹತ್ತರಿಂದ ಹದಿನಾಲ್ಕು ದಿನಕ್ಕೆ ಮತ್ತೊಂದು ಎಕ್ಸ್‌ರೇ. ಆ ಮೂಳೆಯ ಒಂದು ತುದಿಗೆ ರಕ್ತ ಬರುವ ದಾರಿ ಕಿರಿದು, ಹಾಗೇ ಬಿಟ್ಟರೆ ಕೂಡದೇ ಹೋಗಬಹುದು. ಆಮೇಲೆ ಥ್ರಾಟಲ್ ತಿರುಗಿಸುವಷ್ಟು ಮಣಿಕಟ್ಟು ಮಡಚದು.

ನೋವಿನ ಇಂಜೆಕ್ಷನ್ ವಿಷಯದಲ್ಲಿ ಎಚ್ಚರ. ಜಾಗ ಮರಗಟ್ಟಿಸುವ ಔಷಧ ಬೆರಳಿನವರೆಗೆ ಹರಡಿದರೆ ಲಿವರ್‌ನ ಸ್ಪರ್ಶವೇ ಹೋಗುತ್ತದೆ. ಸ್ಟಿರಾಯ್ಡ್ ಇಂಜೆಕ್ಷನ್ ಯಾವ ಜಾಗಕ್ಕೇ ಆಗಲಿ, ಉದ್ದೀಪನ ಮದ್ದಿನ ನಿಯಮದಡಿ ಸ್ಪರ್ಧೆಯ ಅವಧಿಯಲ್ಲಿ 2022ರಿಂದ ನಿಷಿದ್ಧ. ಟ್ರಮಡಾಲ್ ಎಂಬ ನೋವಿನ ಮಾತ್ರೆ 2024ರಿಂದ. ಮನೆಯ ಹತ್ತಿರದ ವೈದ್ಯರು ಒಳ್ಳೆಯ ಮನಸ್ಸಿನಿಂದ ಬರೆದುಕೊಟ್ಟ ಚೀಟಿ ಇಡೀ ಸೀಸನ್ ನುಂಗಬಹುದು. ತಲೆಗೆ ಏಟಾಗಿದ್ದರಂತೂ ಮಾತೇ ಇಲ್ಲ: ಒಂದೆರಡು ದಿನ ವಿಶ್ರಾಂತಿ, ಆಮೇಲೆ ನಡಿಗೆ, ಸೈಕಲ್, ತಲೆ ಅಲುಗುವ ವ್ಯಾಯಾಮ, ಹೀಗೆ ಹಂತಕ್ಕೆ ಕನಿಷ್ಠ 24 ಗಂಟೆ. ಲಕ್ಷಣ ಮರುಕಳಿಸಿದರೆ ಒಂದು ಹಂತ ಹಿಂದಕ್ಕೆ.

ಗಾಯಕ್ಕೆ ತಕ್ಕಂತೆ ಬೈಕನ್ನೇ ಬದಲಿಸುವುದಕ್ಕೂ ಹಿಂಜರಿಯಬೇಡಿ. 1992ರಲ್ಲಿ ಅಸೆನ್‌ನಲ್ಲಿ ಬಲಗಾಲು ಕಳೆದುಕೊಳ್ಳುವ ಹಂತಕ್ಕೆ ಹೋಗಿದ್ದ ಮಿಕ್ ಡೂಹನ್ ಹಿಂದಿನ ಬ್ರೇಕನ್ನು ಎಡ ಹೆಬ್ಬೆರಳಿಗೆ ತಂದುಕೊಂಡು, 1994ರಿಂದ 98ರವರೆಗೆ ಸತತ ಐದು ಪಟ್ಟ ಗೆದ್ದರು.

ಮರಳಿ ಬಂದವರ ಮೊದಲ ದಿನ ನಾನು ಲ್ಯಾಪ್ ಟೈಮ್ ಕೇಳುವುದಿಲ್ಲ, ಮುಂದಿನ ಬ್ರೇಕಿನ ಒತ್ತಡದ ಗ್ರಾಫ್ ತೆರೆಸುತ್ತೇನೆ. ಮೂರನೇ ಲ್ಯಾಪಿನದ್ದರ ಮೇಲೆ ಹದಿನೈದನೇ ಲ್ಯಾಪಿನದ್ದನ್ನು ಇಟ್ಟು ನೋಡಿದರೆ ಸಾಕು. ಗಟ್ಟಿ ಕೈಯ ಗೆರೆ ಒಮ್ಮೆಲೇ ಏರಿ, ತಿರುವಿನೊಳಗೆ ನುಣುಪಾಗಿ ಇಳಿಯುತ್ತದೆ. ಸೋತ ಕೈಯ ಗೆರೆ ಹತ್ತಿಪ್ಪತ್ತು ಮೀಟರ್ ಮೊದಲೇ ಶುರುವಾಗಿ, ತುದಿ ಮುಟ್ಟದೆ, ಇಳಿಯುವಾಗ ಮೆಟ್ಟಿಲು ಮೆಟ್ಟಿಲಾಗುತ್ತದೆ. ಬೆರಳನ್ನು ಹದವಾಗಿ ಸಡಿಲಿಸಲಾಗದೆ ತುಂಡುತುಂಡಾಗಿ ಬಿಟ್ಟದ್ದರ ಗುರುತು ಅದು, ಮುಂದಿನ ಚಕ್ರ ಜಾರುವುದೂ ಅಲ್ಲೇ. ಮೆಟ್ಟಿಲು ಕಂಡರೆ ಆ ದಿನದ ಓಟ ಅಲ್ಲಿಗೆ ಮುಗಿಯಿತು. ಮರುದಿನ ಬೆಳಿಗ್ಗೆ ಮತ್ತೆ ಸ್ಟ್ಯಾಂಡು, ಬೆಲ್ಟು, ಬ್ಯಾಂಡು.